ಸಹಾಯ ಬೇಕು: ಮುಂಜಾವಿನ ಬೆಳಕಿನಲ್ಲಿ ತೀರಪಕ್ಷಿಗಳ ಛಾಯಾಗ್ರಹಣ

ಎಲ್ಲರಿಗೂ ನಮಸ್ಕಾರ. ಸೂರ್ಯೋದಯದ ಹೊತ್ತಿನಲ್ಲಿ ಸ್ಯಾಂಡರ್ಲಿಂಗ್‌ ಹಕ್ಕಿಗಳ ಚಿತ್ರ ತೆಗೆಯುವ ಕುರಿತು ಅನುಭವಿಗಳ ಸಲಹೆ ಬೇಕಾಗಿದೆ. ಹಿಂದೆ ಸರಿಯುವ ಅಲೆಯ ಬೆನ್ನು ಹತ್ತಿ ಓಡಿ, ಒದ್ದೆ ಮರಳಿನಲ್ಲಿ ಕೊಕ್ಕಾಡಿಸಿ, ಮುಂದಿನ ಅಲೆ ಬರುವಷ್ಟರಲ್ಲಿ ದಡದತ್ತ ಧಾವಿಸುವ ಈ ಪುಟ್ಟ ಹಕ್ಕಿಗಳ ಕಾಲುಗಳು ಸ್ಪಷ್ಟವಾಗಿ ಮೂಡಬೇಕಾದರೆ ಶಟರ್ ವೇಗವನ್ನು 1/2000 ಸೆಕೆಂಡಿನ ಆಸುಪಾಸಿನಲ್ಲಿ ಇಡಬೇಕಾಗುತ್ತದೆ, ಆಗ ಎಫ್/6.3 ದ್ಯುತಿರಂಧ್ರದ ನನ್ನ 600 ಮಿ.ಮೀ. ಲೆನ್ಸ್‌ನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯ ಅಳತೆ) 6400 ದಾಟಿ, ಗರಿಗಳ ಸೂಕ್ಷ್ಮ ವಿವರಗಳೆಲ್ಲ ನಾಯ್ಸ್‌ನಲ್ಲಿ, ಅಂದರೆ ಚಿತ್ರದ ಮೇಲೆ ಮೂಡುವ ಕಾಳುಕಾಳು ಚುಕ್ಕೆಗಳಲ್ಲಿ, ಕರಗಿಹೋಗುತ್ತವೆ. ನಿಂತ ಹಕ್ಕಿಯದು ಸಮಸ್ಯೆಯೇ ಅಲ್ಲ.

ಇದಕ್ಕಿಂತ ಹೆಚ್ಚು ಕಾಡುವುದು ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಬೀಳಬೇಕೆಂಬ ಲೆಕ್ಕ. ಸೂರ್ಯ ನನ್ನ ಬೆನ್ನ ಹಿಂದಿದ್ದರೆ ಹಕ್ಕಿಯ ಬಿಳಿ ಹೊಟ್ಟೆ ಅತಿ ಬೆಳಕಿಗೆ ವಿವರವಿಲ್ಲದೆ ಸುಟ್ಟಂತಾಗುತ್ತದೆ; ಎದುರಿಗಿದ್ದರೆ ಒದ್ದೆ ಮರಳಿನ ಹೊಳಪಿಗೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮೋಸಹೋಗಿ ಹಕ್ಕಿ ಬರೀ ಕಪ್ಪು ಆಕೃತಿಯಾಗುತ್ತದೆ, ಆದರೂ ಗರಿಯಂಚಿನ ಚಿನ್ನದ ಗೆರೆಗಾಗಿ ನನಗೆ ಎದುರು ಬೆಳಕೇ ಇಷ್ಟ. ನಿಮಿಷನಿಮಿಷಕ್ಕೂ ಬೆಳಕು ಏರುವ ಆ ಹೊತ್ತಿನಲ್ಲಿ ಪೂರ್ತಿ ಮ್ಯಾನುವಲ್ ಆಗಿ ಹಿಸ್ಟೋಗ್ರಾಮ್ (ಚಿತ್ರದ ಬೆಳಕು-ಕತ್ತಲ ಹಂಚಿಕೆಯ ನಕ್ಷೆ) ನೋಡುತ್ತ ಹೋಗುವುದು ಒಳ್ಳೆಯದೋ, ಆಟೋ ಐಎಸ್‌ಒ ಇಟ್ಟುಕೊಂಡು ಕಾಂಪೆನ್ಸೇಷನ್ (ಕ್ಯಾಮೆರಾ ಲೆಕ್ಕಹಾಕಿದ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಹೊಂದಾಣಿಕೆ) ಬದಲಿಸುವುದು ಒಳ್ಳೆಯದೋ?

ಇನ್ನೊಂದು, ಮರಳಿನ ಮೇಲೆ ಬೋರಲು ಮಲಗಿ ಹಕ್ಕಿಯ ಕಣ್ಣಿನ ಮಟ್ಟದಿಂದ ತೆಗೆಯುವಾಗ ಆಟೋಫೋಕಸ್ ಮುಂದಿನ ನೊರೆಗೆ ಅಂಟಿಕೊಳ್ಳುತ್ತದೆ. ಇದಕ್ಕೆ ಯಾವ ಫೋಕಸ್ ವಲಯ ಸೂಕ್ತ? ಹತ್ತಿರ ಹೋಗಿ ಎಂಬ ಸಲಹೆ ದಯವಿಟ್ಟು ಬೇಡ. ದೂರದ ವಲಸೆಗೆ ಮೈಯಲ್ಲಿ ಕೊಬ್ಬು ಕೂಡಿಟ್ಟುಕೊಳ್ಳುವ ಹಕ್ಕಿಗಳನ್ನು ಮೇಯುವಾಗ ಎಬ್ಬಿಸಲು ಮನಸ್ಸಿಲ್ಲ, ಉಬ್ಬರ ಏರಿದಂತೆ ಅವೇ ಬಳಿಗೆ ಬರುವವರೆಗೆ ಕಾಯಲು ಸಿದ್ಧನಿದ್ದೇನೆ.