ಎಲ್‌ಎಂ2596 ಚಿಪ್ಪು ಡೂಪ್ಲಿಕೇಟಾ? ಸಿಮ್800ಎಲ್ ಪದೇ ಪದೇ ರೀಸೆಟ್ ಆಗ್ತಿದೆ

ಹಳ್ಳದಮೋಟ್ರು:
ತೀರ್ಥಹಳ್ಳಿ ಹತ್ರ ನಮ್ಮ ಅಡಿಕೆ ತೋಟ. ಪಂಪ್‌ಹೌಸು ಕೆಳಗೆ ಹಳ್ಳದ ಪಕ್ಕ, ತ್ರೀ ಫೇಸ್ ಬರೋದು ನಡುರಾತ್ರಿ, ಅಪ್ಪ ಟಾರ್ಚ್ ಹಿಡ್ಕಂಡು ಇಳಿದು ಹೋಗ್ಬೇಕು, ಈಗ ಕಾಡುಕೋಣದ ಕಾಟ ಬೇರೆ, ಅದಕ್ಕೆ ಎರಡು ವರ್ಷದ ಹಿಂದೆ ಮಿಸ್ ಕಾಲ್ ಕೊಟ್ರೆ ಮೋಟ್ರು ಆನ್ ಆಗೋ ಹಂಗೆ ಒಂದು ಸರ್ಕ್ಯೂಟ್ ಮಾಡಿದ್ದೆ. 12 ವೋಲ್ಟ್ ಬ್ಯಾಟ್ರಿ, ಅದನ್ನ ಎಲ್‌ಎಂ2596 (ವೋಲ್ಟೇಜ್ ಇಳಿಸೋ ಚಿಪ್ಪು) ಬೋರ್ಡಲ್ಲಿ 4.1 ವೋಲ್ಟಿಗೆ ಇಳಿಸಿ ಸಿಮ್800ಎಲ್‌ಗೆ (ಸಿಮ್ ಹಾಕಿ ಕಾಲ್ ತಗೊಳ್ಳೋ ಜಿಎಸ್‌ಎಂ ಮಾಡ್ಯೂಲು) ಕೊಟ್ಟಿದ್ದೆ. ಇವತ್ತಿಗೂ ನಡೀತಿದೆ. ಚಿಕ್ಕಪ್ಪ ನಂಗೂ ಒಂದು ಮಾಡ್ಕೊಡು ಅಂದ್ರು, ಆನ್‌ಲೈನಲ್ಲಿ ಹೊಸ ಬೋರ್ಡ್ ತರ್ಸಿ ಅದೇ ಸರ್ಕ್ಯೂಟ್ ಮಾಡ್ದೆ. ಇದರಲ್ಲಿ ಎಂತ ಆಗ್ತದೆ ಅಂದ್ರೆ ನೆಟ್‌ವರ್ಕ್ ಸಿಕ್ಕಿ ಲೈಟು ಮೂರು ಸೆಕೆಂಡಿಗೊಮ್ಮೆ ಮಿನುಗೋಕೆ ಶುರುವಾಗ್ತದೆ, ಕಾಲ್ ಬಂತು ಅಂದ್ರೆ ರೀಸೆಟ್, ಮತ್ತೆ ಪಟಪಟ ಮಿನುಗೋದೇ. ಮೀಟರ್ ಇಟ್ರೆ 4.1 ಕಲ್ಲಿನ ಹಂಗೆ ನಿಂತಿದೆ. ಚಿಪ್ಪು ಡೂಪ್ಲಿಕೇಟ್ ಇರಬಹುದಾ?

ತಂತಿತಿಮ್ಮ:
ಮೊದಲು ವೈರ್ ನೋಡಿ ಮಾರಾಯ್ರೆ. ಈ ಬಣ್ಣಬಣ್ಣದ ಜಂಪರ್ ವೈರ್ ಹಾಕಿದ್ರೆ ಯಾವ ಚಿಪ್ಪು ಹಾಕಿದ್ರೂ ಅಷ್ಟೆ. ಜಿಎಸ್‌ಎಂ ಮಾಡ್ಯೂಲ್ ಮಾತಾಡುವಾಗ 577 ಮೈಕ್ರೋಸೆಕೆಂಡು 2 ಆಂಪ್ ಎಳೀತದೆ, 4.6 ಮಿಲಿಸೆಕೆಂಡಿಗೊಮ್ಮೆ. ವೈರಲ್ಲಿ 0.2 ಓಮ್ ಇದ್ರೂ 0.4 ವೋಲ್ಟ್ ಅಲ್ಲೇ ಹೋಯ್ತು, 3.4ಕ್ಕಿಂತ ಕೆಳಗೆ ಇಳಿದ್ರೆ ಅದು ಮಲಗ್ತದೆ. ಅಷ್ಟು ಸಣ್ಣ ಹೊಡೆತ ನಿಮ್ಮ ಮೀಟರಿಗೆ ಕಾಣೋದೇ ಇಲ್ಲ, ಅದು ಸರಾಸರಿ ತೋರಿಸ್ತದೆ. ಮತ್ತೆ ಸಿಮ್ ಯಾವ್ದು, ಜಿಯೋ ಅಂತೂ ಅಲ್ವಲ್ಲ? ಅದು 2ಜಿಯಲ್ಲಿ ನಡೆಯಲ್ಲ.

ಹಳ್ಳದಮೋಟ್ರು:
ಬಿಎಸ್‌ಎನ್‌ಎಲ್. ನಮ್ಮಲ್ಲಿ ಅದೊಂದೇ ಬರೋದು, ಅದೂ ಕರೆಂಟ್ ಇದ್ರೆ. ವೈರ್ ದಪ್ಪದ್ದೇ ಹಾಕಿದೀನಿ. ಹಳೇ ಬೋರ್ಡ್ ಬಿಚ್ಚಿ ಅದೇ ವೈರಿಗೆ ಕೂರಿಸಿ ನೋಡ್ದೆ, ಒಂದು ಸಲನೂ ರೀಸೆಟ್ ಇಲ್ಲ. ಹೊಸದರ ಚಿಪ್ಪಿನ ಮೇಲಿನ ಅಕ್ಷರ ಅಕ್ಕನ ನೈಲ್ ಪಾಲಿಷ್ ರಿಮೂವರಲ್ಲಿ ಒರೆಸಿದ್ರೆ ಅಳಿಸಿ ಹೋಯ್ತು, ಹಳೇದು ಹೋಗಲಿಲ್ಲ. ಅಕ್ಕ ಬೈದಿದ್ದು ಬೇರೆ ವಿಷಯ.

ಕಾವಿಗೆತುದಿ:
ಅಕ್ಷರ ಅಳಿಸ್ತು ಅಂತ ಖೋಟಾ ಅನ್ನೋಕಾಗಲ್ಲ ತಮ್ಮ, ಇಂಕಲ್ಲಿ ಪ್ರಿಂಟ್ ಮಾಡಿದ ಅಸಲಿ ಚಿಪ್ಪೂ ಇರ್ತವೆ. ಲೋಗೋನೂ ಹಂಗೇ, ಮೊದಲು ಈ ಚಿಪ್ಪು ಮಾಡ್ತಿದ್ದ ನ್ಯಾಷನಲ್ ಸೆಮಿಕಂಡಕ್ಟರನ್ನ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 2011ರಲ್ಲೇ ತಗೊಂಡಿದೆ, ಹೊಸಾ ಚಿಪ್ಪಲ್ಲಿ ಹಳೇ ಲೋಗೋ ಇದ್ರೆ ಅನುಮಾನ ಪಡಬಹುದು ಅಷ್ಟೇ. ಫ್ರೀಕ್ವೆನ್ಸಿ ನೋಡು, ಅಂದ್ರೆ ಚಿಪ್ಪು ಸೆಕೆಂಡಿಗೆ ಎಷ್ಟು ಸಲ ಆನ್ ಆಫ್ ಆಗುತ್ತೆ ಅಂತ, ಅದು ಸುಳ್ಳು ಹೇಳಲ್ಲ. ಎಲ್‌ಎಂ2596 ಓಡೋದು 150 ಕಿಲೋಹರ್ಟ್ಸಲ್ಲಿ, ಡೇಟಾಶೀಟ್ ಪ್ರಕಾರ 127ರಿಂದ 173ರ ಒಳಗೆ ಇರಬೇಕು. ಔಟ್‌ಪುಟ್ಟಿಗೆ 10 ಓಮಿನ ದೊಡ್ಡ ರೆಸಿಸ್ಟರ್ ಲೋಡ್ ಕೊಡು, 5 ವ್ಯಾಟಿಂದು ಸಾಕು, ಲೋಡ್ ಇಲ್ದೆ ನೋಡಿದ್ರೆ ರಿಂಗಿಂಗ್ (ವೋಲ್ಟೇಜಿನ ಬೇಡದ ಅಲುಗಾಟ) ಬಂದು ಮೀಟರ್ ಏನೇನೋ ತೋರಿಸುತ್ತೆ. ಆಮೇಲೆ ಮೀಟರ್ ಹರ್ಟ್ಸಿಗೆ ತಿರುಗಿಸಿ ಚಿಪ್ಪಿನ 2ನೇ ಕಾಲಿಗೂ ಗ್ರೌಂಡಿಗೂ ಹಿಡಿ. ಪಕ್ಕದ ಕಾಲಿಗೆ ತಾಗಿಸ್ಬೇಡ, 1ರಲ್ಲಿ ನೇರ 12 ವೋಲ್ಟ್ ಇರುತ್ತೆ.

ಹಳ್ಳದಮೋಟ್ರು:
ಅಣ್ಣಾ, ಹಳೇದು 148, ಹೊಸದು 53!!

ಕಾವಿಗೆತುದಿ:
ಹಂಗಾದ್ರೆ ಅದು 2596 ಅಲ್ಲ. ಎಲ್‌ಎಂ2576 ಅಂತ ಹಳೇ ಚಿಪ್ ಇದೆ, ಅದರ ಸ್ಪೀಡ್, ಅಂದ್ರೆ ಫ್ರೀಕ್ವೆನ್ಸಿ, 52 ಕಿಲೋಹರ್ಟ್ಸ್. ಅದನ್ನೋ ಅದರ ನಕಲನ್ನೋ ತಂದು ಮೇಲೆ 2596 ಅಂತ ಬರೆದಿದಾರೆ. ಚಿಪ್ಪು ಕೆಟ್ಟಿದೆ ಅಂತಲ್ಲ, ಸುತ್ತ ಇರೋ ಪಾರ್ಟ್ಸ್ 150ಕ್ಕೆ ಲೆಕ್ಕ ಹಾಕಿದ್ದು ಅನ್ನೋದೇ ತಾಪತ್ರಯ. ಕಾಯಿಲ್ ಮೇಲೆ 330 ಅಂತ ಇದೆ ಅಲ್ವಾ, ಅಂದ್ರೆ 33 ಮೈಕ್ರೋಹೆನ್ರಿ. 12ರಿಂದ 4.1ಕ್ಕೆ ಇಳಿಸುವಾಗ ಅಸಲಿ ಚಿಪ್ಪಲ್ಲಿ ಕಾಯಿಲಿನ ರಿಪಲ್ (ಕರೆಂಟಿನ ಏರಿಳಿತ) ಸುಮಾರು 0.55 ಆಂಪ್, ನಿಂದ್ರಲ್ಲಿ 1.5 ದಾಟುತ್ತೆ. ಅದರ ಮೇಲೆ ಮಾಡ್ಯೂಲಿನ 2 ಆಂಪ್ ಹೊಡೆತ ಬಂದ್ರೆ ಪೀಕ್ 2.8 ಹತ್ರ, ಆ ಕಾಯಿಲಿನ ಚಿಕ್ಕ ಕೋರ್ ಸ್ಯಾಚುರೇಟ್ (ಇನ್ನಷ್ಟು ಕಾಂತಶಕ್ತಿ ಹಿಡಿಯೋಕಾಗದ ಸ್ಥಿತಿ) ಆಗೋ ಹತ್ರ ಬರುತ್ತೆ, ಆ ಅಗ್ಗದ ಕೆಪಾಸಿಟರಿಗೂ ತಡ್ಕೊಳಕ್ಕಾಗಲ್ಲ, ವೋಲ್ಟೇಜ್ ಕುಸಿಯುತ್ತೆ. ಕೈ ಇಟ್ಟು ನೋಡು, ಕಾಯಿಲ್ ಬಿಸಿ ಇರ್ಬೇಕು.

ಹಳ್ಳದಮೋಟ್ರು:
ಹೌದು, ಮುಟ್ಟೋಕಾಗಲ್ಲ. ಮಾರಿದವನಿಗೆ ಬರೆದ್ರೆ ಬೋರ್ಡ್ ಆನ್ ಆಗ್ತದಲ್ಲ ಅಂತಾನೆ. ಈಗ ಚಿಪ್ಪು ಬದಲಾಯಿಸ್ಲಾ?

ಕಾವಿಗೆತುದಿ:
25 ವ್ಯಾಟ್ ಕಾವಿಗೆಯಲ್ಲಿ (ಸೋಲ್ಡರಿಂಗ್ ಐರನ್) ಆಗಲ್ಲ, ಚಿಪ್ಪಿನ ಹಿಂದಿನ ದೊಡ್ಡ ತಗಡು ಶಾಖನೆಲ್ಲ ಎಳ್ಕೊಳುತ್ತೆ, ಟ್ರ್ಯಾಕ್ ಕಿತ್ಕೊಂಡು ಬರುತ್ತೆ. ನಾನು ಹಂಗೇ ಎರಡು ಬೋರ್ಡ್ ಹಾಳು ಮಾಡ್ಕೊಂಡಿದೀನಿ. ಅದಕ್ಕಿಂತ ಕಾಯಿಲ್ ಬದಲಾಯ್ಸು, 100 ಮೈಕ್ರೋಹೆನ್ರಿ 3 ಆಂಪಿನ ಟೊರಾಯ್ಡ್ (ಬಳೆ ಆಕಾರದ ಕಾಯಿಲ್). ಸ್ಪೀಡ್ ಮೂರರಲ್ಲೊಂದು ಪಾಲು ಆದ್ರೆ ಕಾಯಿಲ್ ಮೂರು ಪಟ್ಟು ಮಾಡು, ರಿಪಲ್ ಮೊದಲಿನ ಹಂಗೇ ಆಗುತ್ತೆ. ಔಟ್‌ಪುಟ್ ಕೆಪಾಸಿಟರ್ ಲೋ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್ ಕಮ್ಮಿ ಇರೋದು) 470 ಮೈಕ್ರೋಫ್ಯಾರಡ್ ಹಾಕು.

ತಂತಿತಿಮ್ಮ:
ಮಾಡ್ಯೂಲಿನ ಕಾಲಿಗೇ 1000 ಮೈಕ್ರೋಫ್ಯಾರಡ್ ಒಂದು ಹಾಕಿ. ನಾನು ವೈರಿನವನೇ, ಆದ್ರೂ ಹೇಳ್ತೀನಿ.

ಹಳ್ಳದಮೋಟ್ರು:
ಹತ್ತು ದಿನ ಆಯ್ತು, ಹೇಳೋದು ತಡ ಆಯ್ತು. ಕಾಯಿಲ್ ಶಿವಮೊಗ್ಗದಲ್ಲಿ ಸಿಕ್ತು, ಬೋರ್ಡಿಗಿಂತ ಎತ್ತರ ಇದೆ, ಹಾಟ್ ಗ್ಲೂ ಹಾಕಿ ನಿಲ್ಸಿದೀನಿ, ನೋಡೋಕೆ ಎಮ್ಮೆ ಮೇಲೆ ಕೊಕ್ಕರೆ ಕೂತ ಹಂಗಿದೆ. ಎರಡೂ ಕೆಪಾಸಿಟರ್ ಹಾಕ್ದೆ. ಫ್ರೀಕ್ವೆನ್ಸಿ ಈಗಲೂ 53, ಆದ್ರೆ ಕಾಯಿಲ್ ಉಗುರುಬೆಚ್ಚಗೆ ಅಷ್ಟೆ, ಚಿಕ್ಕಪ್ಪ ದಿನಾ ರಾತ್ರಿ ಮನೆಯಿಂದಲೇ ಮೋಟ್ರು ಹಾಕ್ತಿದಾರೆ, ರೀಸೆಟ್ ಇಲ್ಲ. ಅದೇ ಪ್ಯಾಕೆಟಿಂದು ಇನ್ನೂ ನಾಲ್ಕು ಬೋರ್ಡ್ ಉಳಿದಿದಾವೆ, ಎಲ್ಲದ್ರ ಮೇಲೂ ಮಾರ್ಕರಲ್ಲಿ 53 ಅಂತ ಬರೆದಿಟ್ಟಿದೀನಿ. ಎಲ್‌ಇಡಿ ಹಾಕೋಕೆ ಯಾರಿಗಾದ್ರೂ ಬೇಕಿದ್ರೆ ಹೇಳಿ, ಸುಮ್ನೆ ಕೊಡ್ತೀನಿ.