ಹೊಸ ಬಾನೆಟ್ ಕೂರುತ್ತಲೇ ಇಲ್ಲ, ತಲೆ ಕೆಟ್ಟುಹೋಗಿದೆ

ತೋಟದ_ಜೀಪ್:
ಎಲ್ಲರಿಗೂ ನಮಸ್ಕಾರ. ನಮ್ಮ ಜೀಪಿನ ಬಾನೆಟ್, ಮಡ್‌ಗಾರ್ಡ್ ಎಲ್ಲ ತುಕ್ಕು ಹಿಡಿದು ತೂತು ಬಿದ್ದಿದ್ದವು. ಬ್ಯಾಟರಿ ಕೆಳಗಿನ ಜಾಗವಂತೂ ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತಿತ್ತು. ದೆಹಲಿಯ ಮಾಯಾಪುರಿಯಿಂದ ಹೊಸ ಸೆಟ್ ತರಿಸಿದೆ. ಲಾರಿ ಬಾಡಿಗೆ ಕೇಳಿದರೆ ನೀವೂ ಬೆಚ್ಚಿಬೀಳುತ್ತೀರಿ. ಈಗ ನೋಡಿದರೆ ಬಾನೆಟ್ ಕೂರುತ್ತಲೇ ಇಲ್ಲ. ಹಿಂದೆ ಹಿಂಜ್ ಹಾಕಿದರೆ ಮುಂದೆ ಜಾರುಬಂಡೆ ಥರ ಇಳಿದು ನಿಲ್ಲುತ್ತದೆ. ಬದಿಯಲ್ಲಿ ಕೈ ತೂರುವಷ್ಟು ಸಂದಿ. ಅಂಗಡಿಯವನು ಫೋನ್ ಎತ್ತುತ್ತಿಲ್ಲ. ಮಳೆಗಾಲಕ್ಕೆ ಮೊದಲು ಗಾಡಿ ರೆಡಿ ಆಗಬೇಕು. ಏನು ಮಾಡಲಿ?

ಕೊಡಚಾದ್ರಿ_ಟಾಪ್‌ಗೇರ್:
ಯಾವ ಜೀಪ್ ಮಾರಾಯ್ರೆ? ಮಾಡೆಲ್, ವರ್ಷ ಹೇಳದೆ ಏನಂತ ಹೇಳೋದು?

ತೋಟದ_ಜೀಪ್:
ಮಹೀಂದ್ರಾ ಜೀಪ್ ಸರ್. ಹಳೇದು. ಅಪ್ಪನ ಕಾಲದ್ದು.

ಚಾಸಿ_ಚಂದ್ರಣ್ಣ:
ಇದು ನೂರಕ್ಕೆ ನೂರು ಚಾಸಿ ಬೆಂಡ್, ಅಂದರೆ ಗಾಡಿ ಕೆಳಗಿನ ಚೌಕಟ್ಟೇ ಬಾಗಿದೆ. ತೋಟದ ಗಾಡಿ ಅಂದಮೇಲೆ ಮರದ ದಿಮ್ಮಿ ಎಳೆದಿರುತ್ತೀರಿ, ಅಲ್ವಾ? ಚಾಸಿಯ ಮುಂದಿನ ಅಡ್ಡಪಟ್ಟಿ, ಅದೇ ಕ್ರಾಸ್‌ಮೆಂಬರ್, ಕೆಳಗೆ ಬಾಗಿರುತ್ತದೆ. ಗ್ರಿಲ್ ಕೂರುವುದು ಅದರ ಮೇಲೆ. ಅದು ಇಳಿದರೆ ಬಾನೆಟ್ಟೂ ಇಳಿಯುತ್ತದೆ. ಗಾಡಿಯನ್ನು ಮಟ್ಟಸ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ. ಎರಡೂ ಕಡೆ ಸ್ಪ್ರಿಂಗ್ ಪಿನ್ನಿನಿಂದ ದಾರಕ್ಕೊಂದು ನಟ್ ಕಟ್ಟಿ ಇಳಿಬಿಡಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆಮೇಲೆ ಗಾಡಿ ತೆಗೆದು ಎಡ ಮುಂದಿನಿಂದ ಬಲ ಹಿಂದಕ್ಕೆ, ಬಲ ಮುಂದಿನಿಂದ ಎಡ ಹಿಂದಕ್ಕೆ ಟೇಪ್ ಹಿಡಿಯಿರಿ. ಎರಡೂ ಅಳತೆ ಒಂದೇ ಬರಬೇಕು.

ಮಡಿಕೇರಿ_ಮಂಜು:
ಚಾಸಿ ಬೆಂಡ್ ಆದರೆ ಗಾಡಿ ಒಂದು ಕಡೆ ಎಳೆಯುತ್ತದೆ, ಟೈರ್ ಸವೆಯುತ್ತದೆ. ಇವರು ಆ ಮಾತೇ ಎತ್ತಿಲ್ಲ. ನನಗನಿಸೋದು ಬಾಡಿ ಬುಷ್. ಟಬ್ಬಿಗೂ (ನಾವು ಕೂರುವ ಬಾಡಿ) ಚಾಸಿಗೂ ನಡುವಿನ ರಬ್ಬರ್ ಪುಡಿ ಆಗಿರುತ್ತದೆ. ಗ್ರಿಲ್‌ಗೆ ಬೇರೆ ರಬ್ಬರ್. ಒಂದು ಕುಸಿದು ಇನ್ನೊಂದು ನಿಂತರೆ ಮಟ್ಟ ತಪ್ಪುತ್ತದೆ.

ಚಾಸಿ_ಚಂದ್ರಣ್ಣ:
ರಬ್ಬರ್ ಹೋದರೆ ಅರ್ಧ ಇಂಚು ಹೋಗಬಹುದು. ಕೈ ತೂರುವ ಸಂದಿ ಬರುತ್ತಾ? ಅದೂ ಅಲ್ಲದೆ ಬುಷ್ ಹೋದರೆ ಟಬ್ ಇಳಿಯುತ್ತದೆ. ಆಗ ಬಾನೆಟ್ ಹಿಂದಕ್ಕೆ ಇಳಿಯಬೇಕು. ಇವರದ್ದು ಮುಂದಕ್ಕೆ ಇಳಿದಿದೆ. ಚಾಸಿ ನೋಡಿ ಮೊದಲು.

ಕೊಡಚಾದ್ರಿ_ಟಾಪ್‌ಗೇರ್:
ತೋಟದವರೇ, ಮುಂದಿನ ಚಕ್ರದ ಹಬ್ ನಡುವಿನಿಂದ ಹಿಂದಿನ ಹಬ್ ನಡುವಿಗೆ ಎಷ್ಟು ಇಂಚು? ಇದೊಂದು ಹೇಳಿ. 80 ಇದ್ದರೆ ಸಿಜೆ3ಬಿ ಮಾಡೆಲ್. 91 ಇದ್ದರೆ ಎಂಎಂ540 ಅಥವಾ ಅದರ ಅಣ್ಣತಮ್ಮಂದಿರು. ಒಂದು ಫೋಟೋನೂ ಹಾಕಿ.

ಗುಜರಿ_ಗುರು:
ಮಾಯಾಪುರಿ ಮಾಲು ಅಂದ್ರೆ ಹಾಗೇ. 20 ಗೇಜ್ ತಗಡು ಬಡಿದು 18 ಗೇಜ್ ಅಂತ ಮಾರುತ್ತಾರೆ. 18 ಗೇಜ್ ಅಂದರೆ 1.2 ಮಿಮೀ, 20 ಅಂದರೆ 0.9. ವರ್ನಿಯರ್ ಹಿಡಿದು ನೋಡಿ, ಬಣ್ಣ ಕೆರೆದು. ಬಾನೆಟ್ ಮೇಲೆ ಕೂತರೆ ಟಪ್ ಅಂತ ಒಳಗೆ ಹೋಗುತ್ತೆ. ಇದಕ್ಕಿಂತ ಕೊಯಮತ್ತೂರಿನ ಉಕ್ಕಡಂಗೆ ಹೋಗಿ ಹಳೇ ಕಂಪನಿ ಬಾನೆಟ್ ಹುಡುಕಬೇಕಿತ್ತು. ಮ್ಯಾಗ್ನೆಟ್ ಜೇಬಲ್ಲಿಟ್ಟುಕೊಂಡು ಹೋಗಿ. ಹಿಡಿಯದ ಕಡೆಯೆಲ್ಲ ಪುಟ್ಟಿ ತುಂಬಿರುತ್ತದೆ.

ಮಡಿಕೇರಿ_ಮಂಜು:
ಹಳೇ ಬಾನೆಟ್ ತಂದು ಅದಕ್ಕೆ ಪ್ಯಾಚ್ ಹೊಡೆಸೋದಕ್ಕಿಂತ ಹೊಸದೇ ವಾಸಿ.

ಗುಜರಿ_ಗುರು:
ಪ್ಯಾಚ್ ಹೊಡೆಸೋದು ಗೊತ್ತಿಲ್ಲದವರಿಗೆ ಹೊಸದೇ ವಾಸಿ ಬಿಡಿ. ಗ್ಯಾಸ್ ವೆಲ್ಡಿಂಗಲ್ಲಿ ಉದ್ದಕ್ಕೆ ಎಳೆದರೆ ತಗಡು ಅಲೆ ಅಲೆ ಆಗುತ್ತೆ. ಕರೆಂಟಿನ ಮಿಗ್ ವೆಲ್ಡಿಂಗಲ್ಲಿ ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ ಇಟ್ಟು, ಆರಲು ಬಿಟ್ಟು ಹೊಡೆಯಬೇಕು.

ಮಡಿಕೇರಿ_ಮಂಜು:
ನಮ್ಮ ಟಿಂಕರ್ ಜೀವಮಾನ ಪೂರ್ತಿ ಗ್ಯಾಸಲ್ಲೇ ಮಾಡಿದ್ದಾರೆ. ಒದ್ದೆ ಗೋಣಿ ಬಟ್ಟೆ ಪಕ್ಕದಲ್ಲಿಟ್ಟುಕೊಂಡು ತಣಿಸುತ್ತಾ ಹೋಗುತ್ತಾರೆ. ಅಲೆ ಎಲ್ಲಿದೆ ತೋರಿಸಿ ನೋಡೋಣ.

ತೋಟದ_ಜೀಪ್:
ನೆಟ್‌ವರ್ಕ್ ಇರಲಿಲ್ಲ, ತಡ ಆಯ್ತು. ಚಂದ್ರಣ್ಣ ಹೇಳಿದ ಹಾಗೆ ದಾರ ಕಟ್ಟಿ ಅಳೆದೆ. ಎರಡೂ ಕಡೆ ಒಂದೇ ಬಂತು. ಹಬ್ಬಿನಿಂದ ಹಬ್ಬಿಗೆ 80 ಇಂಚು. ಮಡ್‌ಗಾರ್ಡ್ ಹೇಗೋ ಕೂತಿದೆ, ತೂತು ಸ್ವಲ್ಪ ಆಚೀಚೆ ಇತ್ತು, ರೌಂಡ್ ಫೈಲ್‌ನಲ್ಲಿ ಉಜ್ಜಿದೆವು. ಬಾನೆಟ್ಟೇ ಕಾಟ.

ಚಾಸಿ_ಚಂದ್ರಣ್ಣ:
ಅಡ್ಡ ಅಳತೆ ಸರಿ ಇದ್ದರೂ ಮೇಲೆ ಕೆಳಗೆ ಬಾಗಿರಬಹುದು. ಚಾಸಿ ಉದ್ದಕ್ಕೂ ಬಿಗಿಯಾಗಿ ದಾರ ಎಳೆದು ನೋಡಿ.

ಕೊಡಚಾದ್ರಿ_ಟಾಪ್‌ಗೇರ್:
ಚಂದ್ರಣ್ಣ, ಚಾಸಿ ಬಿಡಿ ಈಗ. 80 ಅಂದರೆ ಸಿಜೆ3ಬಿ, ಹೈ ಬಾನೆಟ್, ಅಂದರೆ ಬಾನೆಟ್ ಎತ್ತರ ಇರುವ ಗಾಡಿ. ತೋಟದವರೇ, ಒಂದು ಪ್ರಶ್ನೆ. ಈಗ ಗಾಡಿ ಮೇಲಿರುವ ಗ್ರಿಲ್‌ನಲ್ಲಿ ಉದ್ದ ಸೀಳು ಎಷ್ಟಿವೆ? ಎಣಿಸಿ ಹೇಳಿ.

ತೋಟದ_ಜೀಪ್:
ಒಂಬತ್ತು. ಅದೂ ಸೆಟ್ಟಲ್ಲೇ ಬಂದಿದ್ದು, ಹೊಸದು. ಯಾಕೆ?

ಕೊಡಚಾದ್ರಿ_ಟಾಪ್‌ಗೇರ್:
ಅಯ್ಯೋ ದೇವರೇ. ಗ್ರಿಲ್ಲೂ ಬದಲಾಯಿಸಿದ್ದೀರಾ? ಒಂಬತ್ತು ಸೀಳು ಅಂದರೆ ಎರಡನೇ ಮಹಾಯುದ್ಧದ ಮಿಲಿಟರಿ ಜೀಪಿನದ್ದು, ವಿಲ್ಲಿಸ್ ಎಂಬಿ. ಸಿಜೆ ಗಾಡಿಗಳಿಗೆಲ್ಲ ಏಳೇ ಸೀಳು. ನಿಮಗೆ ಬಂದಿರುವುದು ಲೋ ಬಾನೆಟ್ ಸೆಟ್.

ತೋಟದ_ಜೀಪ್:
ಹೌದು, ಲೋ ಬಾನೆಟ್ಟೇ ಕೇಳಿದ್ದು. ಯುದ್ಧದ ಜೀಪ್ ಥರ ಕಾಣಲಿ ಅಂತ. ಹರಿಯಾಣದ ಡಬ್ವಾಲಿಯಲ್ಲಿ ಕಟ್ಟುವ ಜೀಪುಗಳೆಲ್ಲ ಹಾಗೇ ಇರುತ್ತವಲ್ಲ. 80 ಇಂಚಿನ ಜೀಪಿಗೆ ಆಗುತ್ತೆ ಅಂತ ಅಂಗಡಿಯವನು ಹೇಳಿದ್ದ.

ಪ್ಯೂಜೊ_ಪ್ರೇಮಿ:
ಇದನ್ನು ಮೊದಲ ಸಾಲಲ್ಲೇ ಹೇಳಬಾರದಿತ್ತಾ ಗುರುವೇ 😄

ಕೊಡಚಾದ್ರಿ_ಟಾಪ್‌ಗೇರ್:
ನೋಡಿ, ವೀಲ್‌ಬೇಸ್, ಅಂದರೆ ಹಬ್ಬಿನಿಂದ ಹಬ್ಬಿಗೆ ಅಳತೆ, ಎರಡಕ್ಕೂ 80 ಇಂಚೇ. ಅದಕ್ಕೇ ಅಂಗಡಿಯವರು ಹಾಗೆ ಹೇಳಿಬಿಡುತ್ತಾರೆ. ಆದರೆ ಬಾನೆಟ್ ಹಿಂಜ್ ಕೂರುವುದು ವಿಂಡ್‌ಶೀಲ್ಡ್ ಕೆಳಗಿನ ಕೌಲ್ ಮೇಲೆ. 3ಬಿಗೆ ಹರಿಕೇನ್ ಇಂಜಿನ್ ಹಾಕಿದರು. ಅದರಲ್ಲಿ ಇನ್‌ಟೇಕ್ ವಾಲ್ವ್ ಹೆಡ್ಡಿನಲ್ಲೇ ಇದೆ, ಇಂಜಿನ್ ಎತ್ತರ ಆಯ್ತು. ಅದಕ್ಕೆ ಅಂತಲೇ ಬಾನೆಟ್, ಗ್ರಿಲ್, ಕೌಲ್ ಮೂರನ್ನೂ ಎತ್ತರಿಸಿದರು. ನೀವು ಎರಡನ್ನು ತಗ್ಗಿಸಿ ಮೂರನೆಯದನ್ನು ಹಾಗೇ ಬಿಟ್ಟಿದ್ದೀರಿ. ಹಿಂದೆ ಎತ್ತರ, ಮುಂದೆ ತಗ್ಗು. ಎಷ್ಟು ಬಗ್ಗಿಸಿದರೂ ಕೂರುವುದಿಲ್ಲ. ಇರುವುದು ಎರಡೇ ದಾರಿ. ಕೌಲ್ ಕತ್ತರಿಸಿ ತಗ್ಗಿಸಬೇಕು, ಆಗ ಡ್ಯಾಶ್, ಸ್ಟೀರಿಂಗ್ ಕಾಲಂ, ವಿಂಡ್‌ಶೀಲ್ಡ್ ಫ್ರೇಮ್ ಎಲ್ಲದಕ್ಕೂ ಕೈ ಹಾಕಬೇಕಾಗುತ್ತದೆ. ಇಲ್ಲವೇ ಏಳು ಸೀಳಿನ ಎತ್ತರದ ಗ್ರಿಲ್ಲಿಗೆ ವಾಪಸ್ ಹೋಗಿ. ಇಂಜಿನ್ ಯಾವುದಿದೆ?

ತೋಟದ_ಜೀಪ್:
ಪ್ಯೂಜೊ ಡೀಸೆಲ್. ಪೆಟ್ರೋಲ್ ಇಂಜಿನ್ ಅಪ್ಪ ಇದ್ದಾಗಲೇ ತೆಗೆಸಿದ್ದು.

ಪ್ಯೂಜೊ_ಪ್ರೇಮಿ:
ಎಕ್ಸ್‌ಡಿಪಿ 4.90! ಆಹಾ, ಇಂಜಿನ್ ಅಂದ್ರೆ ಅದು. ನಮ್ಮದೂ ಅದೇ. ನನ್ನ ಗಾಡಿಯಲ್ಲಿ ಟ್ರ್ಯಾಕ್ಟರ್ ಮೇಲೆ ಬರೋರನ್ನೂ ಕೆಸರಿಂದ ಎಳೆದು ಹಾಕಿದ್ದೇನೆ. ವಾರ್ನ್ ಹಬ್, ಮುಂದೆ ವಿಂಚ್, ಹಿಂದೆ ಎರಡು ಜೆರ್ರಿ ಕ್ಯಾನ್. ಮೊನ್ನೆ ಹೊಸ ಮಡ್ ಟೈರ್ ಹಾಕಿಸಿದೆ, ಫೋಟೋ ಹಾಕ್ತೀನಿ.

ಕೊಡಚಾದ್ರಿ_ಟಾಪ್‌ಗೇರ್:
ಡೀಸೆಲ್ ಇದ್ದರೆ ಇನ್ನೂ ಯೋಚನೆ ಮಾಡಿ. ಈಗಿನ ರೇಡಿಯೇಟರ್ ತಗ್ಗಿನ ಗ್ರಿಲ್ ಹಿಂದೆ ಹಿಡಿಸುತ್ತಾ ಅಂತ ಮೊದಲು ಅಳೆಯಿರಿ. ಏರ್ ಫಿಲ್ಟರ್ ಜಾಗ ಬದಲಾಗುತ್ತದೆ. ಹೆಡ್‌ಲೈಟ್ ಕಥೆ ಬೇರೆ. ಎಂಬಿಯಲ್ಲಿ ಚಿಕ್ಕ ಲೈಟು ಗ್ರಿಲ್ ಹಿಂದೆ ಇರುತ್ತದೆ, ರಾತ್ರಿ ಇಂಜಿನ್ ರಿಪೇರಿಗೆ ತಿರುಗಿಸಿಕೊಳ್ಳಬಹುದು. ನಿಮ್ಮ 7 ಇಂಚಿನ ಲೈಟ್ ಆ ತೂತಿಗೆ ಹೋಗಲ್ಲ.

ಆರ್‌ಟಿಒ_ಅನುಭವಿ:
ಕೌಲ್ ಕತ್ತರಿಸೋ ಮೊದಲು ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ನೆನಪಿಟ್ಟುಕೊಳ್ಳಿ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಕಂಪನಿ ಕೊಟ್ಟ ಸ್ವರೂಪ ಬದಲಾಯಿಸುವ ಹಾಗಿಲ್ಲ ಅಂತ. ಆರ್‌ಸಿಯಲ್ಲಿ ಡೀಸೆಲ್ ಅಂತ ಬರೆಸಿದ್ದೀರಾ?

ಗುಜರಿ_ಗುರು:
ವಿಂಟೇಜ್ ನಂಬರ್ ತಗೊಂಡ್ರೆ ಆಯ್ತಲ್ಲ. 50 ವರ್ಷ ದಾಟಿದ್ರೆ ಕೊಡ್ತಾರೆ.

ಆರ್‌ಟಿಒ_ಅನುಭವಿ:
2021ರ ನಿಯಮ ಪೂರ್ತಿ ಓದಿ ಸ್ವಾಮಿ. ಚಾಸಿ, ಬಾಡಿ, ಇಂಜಿನ್ ಮೂಲದಂತೆ ಇರಬೇಕು. ಡೀಸೆಲ್ ಹಾಕಿದ ಜೀಪಿಗೆ ಎಲ್ಲಿಂದ ಬರುತ್ತೆ ವಿಂಟೇಜ್? ಬಂದರೂ ದಿನಾ ತೋಟಕ್ಕೆ ಓಡಿಸುವ ಹಾಗಿಲ್ಲ.

ಗುಜರಿ_ಗುರು:
ತೋಟದೊಳಗೆ ಓಡಿಸೋದಕ್ಕೆ ಯಾರು ಕೇಳ್ತಾರೆ? ಕಾಗದ ಹಿಡ್ಕೊಂಡೇ ಗಾಡಿ ಕಟ್ಟೋಕಾಗಲ್ಲ.

ಆರ್‌ಟಿಒ_ಅನುಭವಿ:
ಸಂತೆಗೆ ಹೋಗುವಾಗ ಹಿಡಿದರೆ ನಿಮಗೇ ಫೋನ್ ಮಾಡಲಿಕ್ಕೆ ಹೇಳುತ್ತೇನೆ.

ಮಡಿಕೇರಿ_ಮಂಜು:
ನಿಮ್ಮಿಬ್ಬರ ಜಗಳಕ್ಕೆ ಬೇರೆ ಚರ್ಚೆ ತೆರೆಯಿರಿ ಪ್ಲೀಸ್. ತೋಟದವರೇ, ನನ್ನ ಮಾತು ಕೇಳಿ, ಹೈ ಬಾನೆಟ್ಟೇ ಇಟ್ಟುಕೊಳ್ಳಿ. ನಿಮ್ಮ ಅಪ್ಪನ ಗಾಡಿಯ ಮುಖವೇ ಅದು. ಲೋ ಬಾನೆಟ್ ಸೆಟ್ ಕೊಳ್ಳುವವರು ಬೇಕಾದಷ್ಟು ಜನ ಸಿಗುತ್ತಾರೆ.

ಚಾಸಿ_ಚಂದ್ರಣ್ಣ:
ಹೇಗೂ ಗ್ರಿಲ್ ಬಿಚ್ಚುತ್ತೀರಲ್ಲ, ಆಗ ಕ್ರಾಸ್‌ಮೆಂಬರ್ ಒಂದ್ಸಲ ನೋಡಿಬಿಡಿ. ಸುಮ್ನೆ ಹೇಳ್ತಿಲ್ಲ.

ಕೊಡಚಾದ್ರಿ_ಟಾಪ್‌ಗೇರ್:
ಹಳೇ ಗ್ರಿಲ್ ಎಲ್ಲಿದೆ ತೋಟದವರೇ? ಗ್ರಿಲ್ ಸರಿ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. 3ಬಿ ಬಾನೆಟ್ ತೂತು ಬಿದ್ದಿದ್ದರೂ ಅಂಚು, ಹಿಂಜ್ ಜಾಗ ಗಟ್ಟಿ ಇದ್ದರೆ ಸಾಕು. ನಡುವೆ ತಗಡು ಹಾಕಿಸಬಹುದು. ಟಿಂಕರ್‌ಗೆ ಅಳತೆಗಾದರೂ ಬೇಕು. ಗುಜರಿಗೆ ಹಾಕಿಲ್ಲ ತಾನೆ?

ತೋಟದ_ಜೀಪ್:
ಎಲ್ಲ ಟಿಂಕರ್ ಶೆಡ್ಡಲ್ಲೇ ಬಿಟ್ಟು ಬಂದಿದ್ದೆ. ಈಗ ಫೋನ್ ಮಾಡಿದೆ. ಗ್ರಿಲ್ ಇದೆಯಂತೆ. ಬಾನೆಟ್ ಹುಡುಕಿ ಹೇಳ್ತೀನಿ ಅಂದ.

ಪ್ಯೂಜೊ_ಪ್ರೇಮಿ:
ಟೈರ್ ಫೋಟೋ ಹಾಕಿದ್ದೇನೆ, ನೋಡಿ ಹೇಳಿ. ಹಬ್ ಎಲ್ಲಿ ಸಿಕ್ಕಿತು ಅಂತ ಕೇಳೋರು ಮೆಸೇಜ್ ಮಾಡಿ.

ಹೊಸಬ_ಸಕಲೇಶಪುರ:
ಸರ್, ಎಂಎಂ550ಕ್ಕೆ ಹಿಂದಿನ ಬಾಗಿಲು ಬೇಕಿತ್ತು. ಯಾವುದಾದ್ರೂ ಆಗುತ್ತಾ?

ಕೊಡಚಾದ್ರಿ_ಟಾಪ್‌ಗೇರ್:
ವರ್ಷ ಯಾವುದು? ಸಾಫ್ಟ್ ಟಾಪಾ, ಹಾರ್ಡ್ ಟಾಪಾ? ಫೋಟೋ ಹಾಕಿ ಮೊದಲು.