ಇಂಥದ್ದೇ ಇನ್ನೊಂದು ಸ್ಕ್ಯಾನ್ ಹುಡುಕಿಕೊಡಿ

ಪ್ರಶ್ನೆ (ಚಳ್ಳಕೆರೆಯಿಂದ): ಡಾಕ್ಟ್ರೇ, ನನ್ನ ತಮ್ಮನಿಗೆ 24 ವರ್ಷ. ಹೋದ ತಿಂಗಳು ಮೊದಲ ಸಲ ಫಿಟ್ಸ್ ಬಂತು. ದಾವಣಗೆರೆಯಲ್ಲಿ ಎಂಆರ್‌ಐ ಮಾಡಿಸಿದೆವು. ರಿಪೋರ್ಟಿನಲ್ಲಿ ‘ರಿಂಗ್ ಎನ್‌ಹ್ಯಾನ್ಸಿಂಗ್ ಲೀಷನ್’ ಅಂತಿದೆ. ಫಿಲಂ ಅನ್ನು ಟ್ಯೂಬ್‌ಲೈಟಿಗೆ ಹಿಡಿದು ಫೋಟೊ ತೆಗೆದು, ಮೊಬೈಲಿನಲ್ಲಿ ಚಿತ್ರ ಹಾಕಿ ಹುಡುಕಿದೆ. ಬಂದಿದ್ದೆಲ್ಲ ಬ್ರೈನ್ ಕ್ಯಾನ್ಸರ್. ಅವತ್ತಿಂದ ಅಮ್ಮ ಸರಿಯಾಗಿ ಊಟ ಮಾಡಿಲ್ಲ. ಇಂಥದ್ದೇ ಸ್ಕ್ಯಾನ್ ಇನ್ಯಾರಿಗೆ ಬಂದಿತ್ತು, ಕೊನೆಗೆ ಅದು ಏನಾಗಿತ್ತು ಅಂತ ಚಿತ್ರ ಕೊಟ್ಟೇ ಹುಡುಕೋ ವ್ಯವಸ್ಥೆ ಇದೆಯಾ?

ಉತ್ತರ (ರೇಡಿಯಾಲಜಿಸ್ಟ್, ದಾವಣಗೆರೆ): ಮೊದಲು ಅಮ್ಮನಿಗೆ ಊಟ ಮಾಡಿಸಿ. ‘ರಿಂಗ್’ ಅನ್ನೋದು ರೋಗದ ಹೆಸರಲ್ಲ, ಆಕಾರದ ಹೆಸರು. ಬಣ್ಣದ ಇಂಜೆಕ್ಷನ್ ಕೊಟ್ಟಾಗ ಅಂಚು ಮಾತ್ರ ಬೆಳ್ಳಗಾಗಿದೆ, ಉಂಗುರದ ಹಾಗೆ ಕಂಡಿದೆ, ಅಷ್ಟೇ. ನಮ್ಮ ಕಡೆ ಚಿಕ್ಕ ವಯಸ್ಸಿನವರಲ್ಲಿ ಇಂಥ ಒಂದು ಸಣ್ಣ ಉಂಗುರ ಕಂಡರೆ ಮೊದಲು ನೆನಪಾಗೋದು ಎರಡು: ಲಾಡಿಹುಳದ ಮರಿ ಮೆದುಳಿನಲ್ಲಿ ಕೂತಿರೋದು, ಇಲ್ಲವೇ ಟಿಬಿ ಗಂಟು. ಉಂಗುರದ ಒಳಗೆ ಒಂದು ಬದಿಗೆ ಸಾಸಿವೆಯಂಥ ಚುಕ್ಕೆ ಇದ್ದರೆ ಅದು ಹುಳದ ತಲೆ. ಆ ಚುಕ್ಕೆ ಸಿಕ್ಕರೆ ನಮಗೆ ಅರ್ಧ ಉತ್ತರ ಸಿಕ್ಕ ಹಾಗೆ. (ಮಾಂಸ ತಿನ್ನದವರಿಗೂ ಇದು ಬರುತ್ತದೆ. ಸರಿಯಾಗಿ ತೊಳೆಯದ ಸೊಪ್ಪು, ತರಕಾರಿ, ಕೊಳಕು ನೀರಿನಿಂದ ಹುಳದ ಮೊಟ್ಟೆ ಹೊಟ್ಟೆ ಸೇರುತ್ತದೆ.) ಕೆಲವು ಕ್ಯಾನ್ಸರ್ ಗಡ್ಡೆಗಳೂ ಉಂಗುರ ತೋರಿಸುತ್ತವೆ, ಸುಳ್ಳು ಹೇಳಲ್ಲ. ನಿಮ್ಮ ತಮ್ಮನದು ಯಾವುದು ಅಂತ ಇಲ್ಲಿ ಕೂತು ಹೇಳೋಕಾಗಲ್ಲ. ನ್ಯೂರಾಲಜಿಸ್ಟ್‌ಗೆ ತೋರಿಸಿ.

ಈಗ ಹುಡುಕಾಟದ ವಿಷಯ. ನೀವು ಹಾಕಿದ ಫೋಟೊದಲ್ಲಿ ಒಂದೇ ಹಾಳೆ ಮೇಲೆ ಇಪ್ಪತ್ತು ಪುಟ್ಟ ಚಿತ್ರ, ಹಿಂದೆ ಟ್ಯೂಬ್‌ಲೈಟು. ಮೊಬೈಲಿಗೆ ಕಂಡಿದ್ದು ‘ಕಪ್ಪು ಹಾಳೆ, ಬೂದು ದುಂಡು’. ಅಂಥವುಗಳಲ್ಲಿ ಹತ್ತಿರದ್ದನ್ನು ಎತ್ತಿ ಕೊಟ್ಟಿತು. ಇಂಥ ಹುಡುಕಾಟಕ್ಕೆ ‘ನನ್ನ ಹತ್ರ ಇಲ್ಲ’ ಅನ್ನೋಕೆ ಬರಲ್ಲ. ಏನಿದೆಯೋ ಅದರಲ್ಲೇ ಹೋಲೋದನ್ನು ಮುಂದಿಡುತ್ತದೆ.

ಆಸ್ಪತ್ರೆಗಳಿಗಾಗಿ, ಸಂಶೋಧನೆಗಾಗಿ ಮಾಡಿದ ಇಂಥ ಸಾಫ್ಟ್‌ವೇರ್ ಇದೆ. ಪ್ರತಿ ಚಿತ್ರವನ್ನೂ ಅಂಕಿಗಳ ಸಾಲಾಗಿ ಮಾಡಿ ಇಡುತ್ತಾರೆ: ಬಿಳುಪು ಎಷ್ಟು, ಒರಟು ಎಷ್ಟು, ಆಕಾರ ಹೇಗೆ. ಹೊಸ ಚಿತ್ರದ ಸಾಲಿಗೆ ಯಾವ ಸಾಲು ಹತ್ತಿರವೋ ಅದು ಮೇಲೆ ಬರುತ್ತದೆ. 1973ರಲ್ಲಿ ಸಂಶೋಧಕ ಹರಾಲಿಕ್ ಮತ್ತು ಜೊತೆಯವರು ಹೇಳಿಕೊಟ್ಟ ಟೆಕ್ಸ್ಚರ್ (ಚಿತ್ರ ಒರಟೋ ನುಣುಪೋ ಅನ್ನೋ) ಲೆಕ್ಕ ಇವತ್ತಿಗೂ ಬಳಕೆಯಲ್ಲಿದೆ. ಈಗ ಜಾಸ್ತಿ ಕಡೆ ಚಿತ್ರ ನೋಡಿ ನೋಡಿ ತಾನೇ ಕಲಿಯುವ ನ್ಯೂರಲ್ ನೆಟ್‌ವರ್ಕೇ ಆ ಅಂಕಿಗಳನ್ನು ಹುಟ್ಟಿಸುತ್ತದೆ.

ಕಷ್ಟ ಇರೋದು ‘ಇಂಥದ್ದೇ’ ಅನ್ನೋ ಮಾತಿನಲ್ಲಿ. ಮಂಡಿಪೇಟೆಯ ಸೀರೆ ಅಂಗಡಿಗೆ ಹೋಗಿ ಇಂಥದ್ದೇ ಕೊಡಿ ಅಂದರೆ, ಬಣ್ಣವಾ ಬಾರ್ಡರಾ ಅಂತ ಕೇಳ್ತಾರಲ್ವಾ? ಕಂಪ್ಯೂಟರ್ ಕೇಳಲ್ಲ. ಎಂಆರ್‌ಐನಲ್ಲಿ ಒಬ್ಬರದೇ ಮೆದುಳನ್ನು ಟಿ1, ಟಿ2, ಫ್ಲೇರ್ ಅಂತ ಹಲವು ಥರ ತೆಗೆಯುತ್ತೇವೆ. ಟಿ1ನಲ್ಲಿ ಮೆದುಳಿನ ನೀರು ಕಪ್ಪು, ಟಿ2ನಲ್ಲಿ ಬಿಳಿ. ಹಾಗಾಗಿ ನಿಮ್ಮ ತಮ್ಮನ ಟಿ1 ಚಿತ್ರಕ್ಕೆ ಅವನದೇ ಟಿ2ಗಿಂತ ಯಾರೋ ಆರೋಗ್ಯವಂತರ ಟಿ1 ಹತ್ತಿರ ಕಾಣುತ್ತದೆ. ಸಿಟಿ ಸ್ಕ್ಯಾನಿನಲ್ಲಾದರೆ ನೀರು 0, ಗಾಳಿ ಮೈನಸ್ 1000 ಅಂತ ಅಳತೆ ಇದೆ. ಎಂಆರ್‌ಐಗೆ ಅಂಥ ಅಳತೆಗೋಲಿಲ್ಲ, ಮೆಷೀನ್ ಬದಲಾದರೆ ಬಿಳುಪೂ ಬದಲು. ಇದನ್ನೆಲ್ಲ ಸಮ ಮಾಡಿ, ಉಂಗುರದ ಸುತ್ತ ಚೌಕ ಎಳೆದು ‘ಇಷ್ಟನ್ನೇ ನೋಡು’ ಅಂದರೆ ಮಾತ್ರ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ. ಆಗಲೂ ಹಳೇ ಕೇಸಿನ ಜೊತೆ ಬಯಾಪ್ಸಿಯೋ, ಆರು ತಿಂಗಳ ಮೇಲಿನ ಸ್ಕ್ಯಾನೋ ಇರಬೇಕು. ಕೊನೆಗೆ ಏನಾಯ್ತು ಅಂತ ಗೊತ್ತಿಲ್ಲದ ಚಿತ್ರ ಎಷ್ಟು ಹೋಲಿದರೇನು?

ಪ್ರಶ್ನೆ (ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ): ಸರ್, ಇದೇ ನನ್ನ ಫೈನಲ್ ಇಯರ್ ಪ್ರಾಜೆಕ್ಟ್. ಬ್ರಾಟ್ಸ್ ಅನ್ನೋ ಮೆದುಳು ಗಡ್ಡೆ ಸ್ಕ್ಯಾನ್‌ಗಳ ಸಂಗ್ರಹದ ಡೇಟಾ ತಗೊಂಡಿದೀನಿ. 98 ಪರ್ಸೆಂಟ್ ಸರಿ ಉತ್ತರ ಬರ್ತಿದೆ! ಇಲ್ಲಿನ ಆಸ್ಪತ್ರೆಗೆ ಕೊಡಬಹುದಾ?

ಉತ್ತರ: ಖುಷಿಗೆ ಮೊದಲು ಒಂದು ನೋಡಿ. ಡೇಟಾವನ್ನು ಸ್ಲೈಸ್ (ಮೆದುಳಿನ ಒಂದೊಂದು ಪದರದ ಚಿತ್ರ) ಲೆಕ್ಕದಲ್ಲಿ ಹಂಚಿದಿರಾ, ರೋಗಿ ಲೆಕ್ಕದಲ್ಲಾ? ಒಬ್ಬರ 80ನೇ ಸ್ಲೈಸ್ ಕಲಿಸೋಕೆ, 81ನೇದು ಪರೀಕ್ಷೆಗೆ ಹೋಗಿದ್ದರೆ ಅದು ಹುಡುಕಿದ್ದಲ್ಲ, ಪಕ್ಕದ ಪುಟ ತಿರುಗಿಸಿದ್ದು. ಇನ್ನೊಂದು, 2012ರಲ್ಲಿ ಶುರುವಾದ ಬ್ರಾಟ್ಸ್ ಗ್ಲಯೋಮಾ ಅನ್ನೋ ಒಂದು ಬಗೆಯ ಮೆದುಳಿನ ಗಡ್ಡೆಗಳಿಗಾಗಿ ಹುಟ್ಟಿದ್ದು. ಹುಳದ ಗಂಟು, ಟಿಬಿ ಗಂಟು ಅದರಲ್ಲಿಲ್ಲ. ಚಳ್ಳಕೆರೆಯವರ ಸ್ಕ್ಯಾನ್ ಹಾಕಿದರೆ ನಿಮ್ಮದೂ ಕ್ಯಾನ್ಸರನ್ನೇ ತಂದು ಕೊಡುತ್ತದೆ.

ವಿದ್ಯಾರ್ಥಿ: ಸ್ಲೈಸ್ ಲೆಕ್ಕದಲ್ಲೇ ಹಂಚಿದ್ದೆ ಸರ್. ಮತ್ತೆ ಮಾಡ್ತೀನಿ. ಇಲ್ಲಿನ ರೋಗಿಗಳ ಸ್ಕ್ಯಾನ್, ಹೆಸರು ತೆಗೆದು ಕೊಡ್ತಾರಾ?

ಉತ್ತರ: ಎಥಿಕ್ಸ್ ಕಮಿಟಿ ಒಪ್ಪಿಗೆ ಇಲ್ಲದೆ ಕೊಡಬಾರದು, ನೀವೂ ತಗೋಬಾರದು. ಹೆಸರು ಅಳಿಸಿದರೆ ಮುಗಿಯಲ್ಲ. ತಲೆಯ ಎಂಆರ್‌ಐನಲ್ಲಿ ಮೂಗು, ತುಟಿ, ಕಿವಿ ಎಲ್ಲ ಬಂದಿರುತ್ತದೆ. ತ್ರೀಡಿಯಲ್ಲಿ ತಿರುಗಿಸಿದರೆ ಮುಖವೇ ಎದುರು ಬರುತ್ತದೆ. ಹಂಚುವ ಮೊದಲು ಮುಖದ ಭಾಗ ಅಳಿಸಲೇಬೇಕು.

ಚಳ್ಳಕೆರೆಯವರು: ಡಾಕ್ಟ್ರೇ, ಸೋಮವಾರ ನ್ಯೂರಾಲಜಿಸ್ಟ್ ಹತ್ರ ಹೋಗ್ತೀವಿ. ಫಿಲಂ ಸಾಕಾ? ಒಂದು ಸಿಡಿನೂ ಕೊಟ್ಟಿದ್ರು. ನಮ್ಮ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕೋ ಜಾಗವೇ ಇಲ್ಲ.

ಉತ್ತರ: ಫಿಲಂ ಬಿಟ್ಟು ಹೋದರೂ ಸಿಡಿ ಬಿಡಬೇಡಿ. ಫಿಲಂನಲ್ಲಿ ಆರಿಸಿದ ಕೆಲವು ಚಿತ್ರ ಮಾತ್ರ, ಸಿಡಿಯಲ್ಲಿ ಎಲ್ಲವೂ ಡೈಕಾಮ್ ಅನ್ನೋ ಸ್ಕ್ಯಾನ್ ಫೈಲ್ ರೂಪದಲ್ಲಿ ಇವೆ. ಡಾಕ್ಟರ್ ಅಲ್ಲೇ ದೊಡ್ಡದು ಮಾಡಿ ಆ ಚುಕ್ಕೆ ಹುಡುಕಬಹುದು. ಸ್ಕ್ಯಾನ್ ಮಾಡಿಸಿದ ಕಡೆ ಕೇಳಿದರೆ ಪೆನ್‌ಡ್ರೈವಿಗೂ ಹಾಕಿಕೊಡಬಹುದು. ಹೊಸ ಪೆನ್‌ಡ್ರೈವ್ ತಗೊಂಡು ಹೋಗಿ.